ಗಂಟು, ಗಾಠ್, ಗಡ್ಡ

ಕನ್ನಡದಲ್ಲಿ ಗಂಟಿಗೆ ಇರುವಷ್ಟು ಕೆಲಸ ಇನ್ನೊಂದು ಪದಕ್ಕೆ ಇರಲಿಕ್ಕಿಲ್ಲ. ಹಗ್ಗಕ್ಕೆ ಗಂಟು, ಕೂಡಿಟ್ಟ ಹಣಕ್ಕೆ ಇಡುಗಂಟು, ಸಿಡುಕುಮೋರೆಗೆ ಗಂಟುಮುಖ. ಬೆನ್ನು ಬಿಡದವನು ಗಂಟುಬಿದ್ದವನು. ತನಗೇನೂ ನಷ್ಟವಿಲ್ಲದ ಕಡೆ ‘ನಮ್ಮಪ್ಪನ ಗಂಟೇನು ಹೋಗ್ತದ’ ಎಂಬ ಉಡಾಫೆ ಬೇರೆ. ಬೀದರ್, ಭಾಲ್ಕಿ, ಔರಾದಗಳಲ್ಲಿ ಇದೇ ಪದ ಆಸ್ಪತ್ರೆಯ ಹೊಸ್ತಿಲನ್ನೂ ತುಳಿಯುತ್ತದೆ: “ಎದಿಯಾಗ ಗಂಟಾಗ್ಯಾದ್ರಿ.” ಪಕ್ಕದ ಬೆಂಚಿನಲ್ಲಿ ಕೂತವರ ಮರಾಠಿಯಲ್ಲಿ ಅದು ಗಾಠ್, ದಖನಿಯಲ್ಲಿ ಗಾಂಠ್. ಆ ಎರಡಕ್ಕೂ ದಾರದ ಗಂಟು ಎಂಬ ಅರ್ಥವೂ ಉಂಟು. ಗಂಟಿಗೆ ತೆಲುಗಿನವರು ಹೇಳುವ ಗಡ್ಡ ಮಾತ್ರ ನಮ್ಮ ಉಳ್ಳಾಗಡ್ಡಿಯ ಕಡೆಯ ನೆಂಟ. ಗಡಿಜಿಲ್ಲೆಯ ವೈದ್ಯರು ಇಷ್ಟನ್ನೂ ಅರ್ಥ ಮಾಡಿಕೊಳ್ಳಬೇಕು.

ಮೈಮೇಲೆ ಕಂಡದ್ದು ಏನೆಂದು ಪರೀಕ್ಷೆ ಹೇಳುವವರೆಗೆ ಅದನ್ನು ಗಂಟು ಎಂದೇ ಕರೆಯುವುದು ಸರಿ ಎಂಬುದು ನನ್ನ ವಾದ. ಗಂಟು ಎಂದೊಡನೆ ಪ್ರಶ್ನೆಗಳು ಹುಟ್ಟುತ್ತವೆ: ಎಲ್ಲಿ, ಯಾವಾಗಿನಿಂದ, ಬೆಳೆಯುತ್ತಿದೆಯೇ, ಒತ್ತಿದರೆ ಜರುಗುತ್ತದೆಯೇ, ಅಂಟಿಕೊಂಡು ಕೂತಿದೆಯೇ, ಮೇಲಿನ ಚರ್ಮ ಒಳಕ್ಕೆ ಸೆಳೆದಿದೆಯೇ? ವೈದ್ಯರು ಕೇಳುವುದೂ ಇವನ್ನೇ. ಕ್ಯಾನ್ಸರ್ ಎಂದೊಡನೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಹಿಂದಿನವರೂ ಇಲ್ಲಿ ಅವಸರ ಮಾಡಿರಲಿಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನ ಗ್ರಂಥಿ, ಅಪಚಿ, ಅರ್ಬುದ, ಗಲಗಂಡ ಎಂಬ ಊತಗಳನ್ನು ಒಂದೇ ಅಧ್ಯಾಯದಲ್ಲಿ ಕೂಡಿಸಿದರೂ ಲಕ್ಷಣಗಳನ್ನು ಬೇರೆ ಬೇರೆ ಹೇಳುತ್ತದೆ. ಗ್ರಂಥಿ ಎಂದರೂ ಗಂಟೇ. ಕ್ಯಾನ್ಸರಿಗೆ ಕನ್ನಡದವರು ಕಟ್ಟಿದ ‘ಏಡಿಗಂತಿ’ಯಲ್ಲೂ ಗಂತಿಗೆ ಏಡಿ ಸೇರಿದ ಮೇಲೆಯೇ ಆ ರೋಗ. (ಚೆಂದದ ಪದ, ಹೆಚ್ಚು ಬಳಕೆಗೆ ಬರಲಿಲ್ಲ.) ಲೆಕ್ಕವೂ ಇದೇ ಕಡೆ ವಾಲುತ್ತದೆ: ಸ್ತನದ ಗಂಟುಗಳಲ್ಲಿ ಸುಮಾರು ಶೇಕಡಾ 90ರಷ್ಟು ಕ್ಯಾನ್ಸರ್ ಅಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುತ್ತಿಗೆಯ ಗಂಟಾದರೆ ನಮ್ಮಲ್ಲಿ ಕ್ಷಯದ್ದೂ ಆಗಿರಬಹುದು. ಹಿಂದೆ ಗಂಡಮಾಲೆ ಎನ್ನುತ್ತಿದ್ದದ್ದು ಹೆಚ್ಚಾಗಿ ಅದನ್ನೇ. ಅದಕ್ಕೆ ಗುಣಪಡಿಸುವ ಮಾತ್ರೆಗಳಿವೆ.

ಇಂಥ ಮೆತ್ತನೆಯ ಪದ ಜನರನ್ನು ಮಲಗಿಸಿಬಿಡುತ್ತದೆ, ‘ಬರೀ ಗಂಟು, ನೋವಿಲ್ಲ’ ಎಂದು ವರ್ಷ ಕಳೆಯುವವರಿದ್ದಾರೆ ಎಂದು ಆಕ್ಷೇಪಿಸಬಹುದು. ಇದು ತೂಕದ ಆಕ್ಷೇಪ. ಆದರೆ ಇಲ್ಲಿ ತಪ್ಪು ಗಂಟಿನದಲ್ಲ, ಅದರ ಮುಂದೆ ಕೂತ ‘ಬರೀ’ಯದು. ‘ಬರೀ’ ಎಂದವರೂ ಕ್ಯಾನ್ಸರ್ ಎಂದವರ ಹಾಗೆ ಪರೀಕ್ಷೆಗೆ ಮೊದಲೇ ತೀರ್ಪು ಕೊಟ್ಟಿರುತ್ತಾರೆ. ನೋವಿಲ್ಲದಿರುವುದು ಸಮಾಧಾನದ ಕಾರಣವೂ ಅಲ್ಲ. ಸ್ತನದ ಕ್ಯಾನ್ಸರ್ ಶುರುವಿಗೆ ಸಾಮಾನ್ಯವಾಗಿ ನೋಯುವುದೇ ಇಲ್ಲ. ಹೆದರಿಸಿದರೆ ಬೇಗ ಬರುತ್ತಾರೆ ಎನ್ನುವವರೂ ಇದ್ದಾರೆ. ಹೆದರಿದವರು ಮುಚ್ಚಿಡುವುದೂ ಅಷ್ಟೇ ನಿಜ. ಮನೆಯವರು ವೈದ್ಯರ ಕಿವಿಯಲ್ಲಿ “ಅಕ್ಕಗ ಹೇಳಬ್ಯಾಡ್ರಿ” ಎನ್ನುವುದು ಆ ಹೆದರಿಕೆಯಿಂದಲೇ.

ಇನ್ನು ಕಾಯುವ ದಿನಗಳು. ಸೂಜಿಯಲ್ಲಿ ಹೀರಿದ ಜೀವಕೋಶಗಳ ವರದಿ ಒಂದೆರಡು ದಿನಕ್ಕೆ ಬಂದೀತು. ತುಣುಕು ತೆಗೆದರೆ ಅದು ಫಾರ್ಮಲಿನ್‌ನಲ್ಲಿ ನೆನೆದು, ಮೇಣದ ಅಚ್ಚಿನಲ್ಲಿ ಕೂತು, ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ನಾಲ್ಕೈದರಷ್ಟು ತೆಳ್ಳಗೆ ಕೊಯ್ಯಿಸಿಕೊಂಡು ಬಣ್ಣ ಹಿಡಿಯಬೇಕು. ಅವಸರ ಮಾಡಿದರೆ ಕೆಡುತ್ತದೆ. ವರದಿ ತಡವಾಯಿತೆಂದರೆ ಕೆಟ್ಟ ಸುದ್ದಿಯೇ ಎಂಬ ಎಣಿಕೆಗೆ ಆಧಾರವಿಲ್ಲ. ‘ಸೂಜಿ ಚುಚ್ಚಿದರೆ ಹಬ್ಬತದ’ ಎಂಬ ಮಾತಿಗೂ ಗಂಟು ಬಿಚ್ಚಿದರೆ ಒಳಗಿನದು ಚೆಲ್ಲುತ್ತದೆ ಎಂಬ ಹಳೆಯ ಕಲ್ಪನೆಯೇ ಮೂಲವಿರಬಹುದು. ಸೂಜಿಯ ಜಾಡಿನಲ್ಲಿ ಉಳಿದ ಕೋಶಗಳು ಬೆಳೆಯುವುದು ಅಪರೂಪ. ಪರೀಕ್ಷೆ ತಪ್ಪಿಸಿದರೆ ಆಗುವ ಹಾನಿ ಅದಕ್ಕಿಂತ ಬಲು ದೊಡ್ಡದು.

ಔರಾದದಿಂದ ಬೀದರಿನ ವೈದ್ಯಕೀಯ ಕಾಲೇಜು ಬ್ರಿಮ್ಸ್‌ಗೆ, ಅಲ್ಲಿಂದ ಬೇಕಾದರೆ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕೋ ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವವರು ದಾರಿಯಲ್ಲಿ ಮೂರು ಭಾಷೆ ದಾಟುತ್ತಾರೆ. ಕೈಯಲ್ಲಿನ ಚೀಟಿಯ ಮೇಲೆ ಗಂಟು ಕಂಡ ತಿಂಗಳು, ಆಗಿನ ಅಳತೆ, ಈಗಿನ ಅಳತೆ, ವರದಿ ಸಿಗುವ ದಿನ, ಅದನ್ನು ಯಾರಿಗೆ ತೋರಿಸಬೇಕು ಎಂಬುದು ಬರೆದಿದ್ದರೆ ಮುಂದಿನ ವೈದ್ಯರು ಅದನ್ನು ಗಾಠ್ ಎಂದರೂ ಗಡ್ಡ ಎಂದರೂ ಕೆಲಸ ನಿಲ್ಲುವುದಿಲ್ಲ.