‘ಡಿಬಾಚರಿ’ ಎಂಬ ಮಾತಿನ ಪೂರ್ವೋತ್ತರ

ಇಂಗ್ಲಿಷಿನಲ್ಲಿ ‘ಡಿಬಾಚರಿ’ ಎಂಬುದೊಂದು ಮಾತುಂಟು. ಮದ್ಯಪಾನ, ಕಾಮ ಮೊದಲಾದ ಭೋಗಗಳಲ್ಲಿ ಮಿತಿಮೀರಿ ಮುಳುಗುವುದೆಂದು ಅದರ ಅರ್ಥ; ದುರಾಚಾರ, ವಿಷಯಲಂಪಟತೆ ಎಂದು ನಾವು ಕನ್ನಡಿಸಬಹುದು. ಆದರೆ ಈ ಮಾತು ಬೆಳೆದುದು ಪಾನಗೋಷ್ಠಿಯಲ್ಲಲ್ಲ, ದುಡಿಮೆಯ ಅಂಗಳದಲ್ಲಿ ಎಂದರೆ ಕೇಳುವವರಿಗೆ ಸೋಜಿಗವಾದೀತು.

ಇದರ ಮೂಲ ಫ್ರೆಂಚ್ ಭಾಷೆಯ ‘ದೆಬೊಷೆ’ ಎಂಬ ಕ್ರಿಯಾಪದ. ಅದರಲ್ಲಿ ಅಡಗಿರುವುದು ತೊಲೆ ಎಂಬರ್ಥದ ಒಂದು ಹಳೆಯ ಶಬ್ದವೆಂದೂ, ಮರವನ್ನು ಕೆತ್ತಿ ಬೇರ್ಪಡಿಸುವುದೇ ಮೊದಲ ಅರ್ಥವಾಗಿದ್ದಿರಬೇಕೆಂದೂ ಶಬ್ದಶಾಸ್ತ್ರಜ್ಞರು ಊಹಿಸುತ್ತಾರೆ. ಊಹೆಯ ಮಾತು ಹಾಗಿರಲಿ. ಮುಂದಿನ ಹೆಜ್ಜೆ ಸ್ಪಷ್ಟವಾಗಿದೆ. ಆಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು ‘ಆಂಬೊಷೆ’, ಕೆಲಸದಿಂದ ಬಿಡಿಸುವುದು ‘ದೆಬೊಷೆ’. ಈ ಜೋಡಿ ಫ್ರೆಂಚಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಪಶ್ಚಿಮ ಫ್ರಾನ್ಸಿನಲ್ಲಂತೂ ದಿನದ ಕೆಲಸ ಮುಗಿಸಿ ಮನೆಗೆ ಹೊರಡುವುದಕ್ಕೂ ಇದೇ ಮಾತು. ಅಲ್ಲಿ ನಿಂದೆಯ ಸೋಂಕೇ ಇಲ್ಲ.

ಹಾಗಾದರೆ ಪಾಪದ ಅರ್ಥ ಬಂದುದೆಂತು? ಯಜಮಾನನ ದೃಷ್ಟಿಯಿಂದ ನೋಡಿದರೆ ತಿಳಿಯುತ್ತದೆ. ಕೆಲಸ ಬಿಟ್ಟ ಆಳು ಕೆಟ್ಟ ಆಳು. ಅವನನ್ನು ಸೆಳೆದುದು ಕೆಟ್ಟ ಸಹವಾಸ. ಹೀಗೆ ಬಿಡಿಸುವುದೆಂಬುದು ಕೆಡಿಸುವುದಾಯಿತು. ಹದಿನಾರನೆಯ ಶತಮಾನದ ಕೊನೆಗೆ ಕ್ರಿಯಾಪದವು ಇಂಗ್ಲಿಷಿಗೆ ಬಂದಾಗ, ಸೈನಿಕನನ್ನು ಸ್ವಾಮಿನಿಷ್ಠೆಯಿಂದ ತಪ್ಪಿಸುವುದಕ್ಕೂ ಅದು ಸಲ್ಲುತ್ತಿತ್ತು. ಹದಿನೇಳನೆಯ ಶತಮಾನದ ನಡುವೆ ‘ಡಿಬಾಚರಿ’ ಎಂಬ ನಾಮಪದ ಹುಟ್ಟಿತು. ಬರಬರುತ್ತ ಕೆಲಸದ ನೆನಪು ಅಳಿದು ಭೋಗದ ಅರ್ಥವೊಂದೇ ಉಳಿಯಿತು.

ಇತಿಹಾಸದ ವಿನೋದವೊಂದನ್ನು ಇಲ್ಲಿ ಹೇಳಬೇಕು. ಎರಡನೆಯ ಚಾರ್ಲ್ಸ್ ದೊರೆ ದೇಶಭ್ರಷ್ಟನಾಗಿದ್ದು 1660ರ ಮೇ 29ರಂದು ಲಂಡನ್ನನ್ನು ಪ್ರವೇಶಿಸಿದನು. ಮರುದಿನದ ತಾರೀಖಿನಲ್ಲೇ ಅವನ ಹೆಸರಿನಲ್ಲಿ ದುರಾಚಾರಿಗಳ ವಿರುದ್ಧ ಒಂದು ಘೋಷಣೆ ಹೊರಟಿತು. ದೊರೆಯ ಆರೋಗ್ಯಕ್ಕೆಂದು ಪಾನಗೃಹಗಳಲ್ಲಿ ಕುಡಿಯುವುದನ್ನೇ ರಾಜಭಕ್ತಿಯೆಂದು ಬಗೆದವರನ್ನು ಅದು ಖಂಡಿಸಿತು. ಮುಂದೆ ಇಂಗ್ಲೆಂಡಿನಲ್ಲಿ ಈ ಮಾತಿಗೆ ಹೆಸರಾದುದು ಯಾವ ಪಾನಗೃಹವೂ ಅಲ್ಲ, ಆ ದೊರೆಯ ಆಸ್ಥಾನವೇ!

ಹಳೆಯ ಅರ್ಥ ಮಾತ್ರ ಪೂರ್ತಿ ಸತ್ತಿಲ್ಲ. ಅರ್ಥಶಾಸ್ತ್ರಜ್ಞ ಕೇನ್ಸ್ 1919ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಲೆನಿನ್ನನ ಅಭಿಪ್ರಾಯವೆಂದು ಹೇಳಿ ಇದೇ ಕ್ರಿಯಾಪದವನ್ನು ದೇಶದ ಹಣಕ್ಕೆ ಅನ್ವಯಿಸಿದನು. ಹಣ ಕುಡಿಯುವುದಿಲ್ಲ, ಕುಣಿಯುವುದಿಲ್ಲ; ಬೆಲೆಯನ್ನು ಕಾಯುವ ತನ್ನ ಕೆಲಸವನ್ನು ಬಿಡುತ್ತದೆ, ಅಷ್ಟೆ.

ಈ ಮಾತಿನ ತಿರುಳು ಭೋಗವಲ್ಲ, ಕರ್ತವ್ಯಚ್ಯುತಿ. ಆಳಿಗೆಂದು ಹುಟ್ಟಿದ ಈ ನಿಂದೆ, ಹೆಚ್ಚಿನ ಹೊಣೆ ಹೊತ್ತ ಅರಸನಿಗೇ ಹೆಚ್ಚು ಒಪ್ಪುತ್ತದೆ.