‘ಎಕ್ಕ’ ಎಂಬ ಹೆಸರು: ಒಂದು ವಿಚಾರ

ಪಾಳುಭೂಮಿಯಲ್ಲಿ, ಹಾದಿಯ ಬದಿಯಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಎಕ್ಕದ ಗಿಡವನ್ನು ದನಗಳು ಮುಟ್ಟುವುದೂ ಅಪರೂಪ. ಅದರ ಹೆಸರು ಮಾತ್ರ ಅಷ್ಟು ಸಾಮಾನ್ಯವಾದುದಲ್ಲ. ‘ಎಕ್ಕ’ವು ಸಂಸ್ಕೃತದ ‘ಅರ್ಕ’ ಶಬ್ದದ ತದ್ಭವವೆಂದು ಬಹುಕಾಲದಿಂದ ಹೇಳುತ್ತ ಬರಲಾಗಿದೆ. ಈ ಮಾತನ್ನು ಪರೀಕ್ಷಿಸದೆ ಒಪ್ಪಬಹುದೆ?

‘ಅರ್ಕ’ವೆಂದರೆ ಕಿರಣ, ಸೂರ್ಯ. ಅಮರಕೋಶವು ಈ ಗಿಡವನ್ನು ‘ಅರ್ಕಾಹ್ವ’, ಎಂದರೆ ಅರ್ಕನ ಹೆಸರುಳ್ಳದ್ದು, ಎನ್ನುತ್ತದೆ. ಬಿಳಿಯ ಎಕ್ಕಕ್ಕೆ ‘ಅಲರ್ಕ’ವೆಂಬ ಬೇರೆ ಹೆಸರನ್ನೇ ಕೊಡುತ್ತದೆ. ರಥಸಪ್ತಮಿಯಂದು ಎಕ್ಕದ ಎಲೆಗಳನ್ನು ತಲೆ, ಭುಜಗಳ ಮೇಲಿರಿಸಿಕೊಂಡು ಸ್ನಾನಮಾಡುವ ಪದ್ಧತಿಯು ಈ ಸೂರ್ಯಸಂಬಂಧಕ್ಕೆ ಹೊಂದುತ್ತದೆ. ಶಿವಭಕ್ತರಿಗೆ ಇದಕ್ಕಿಂತ ಮುಖ್ಯವಾದುದು ಶತಪಥ ಬ್ರಾಹ್ಮಣದ 9ನೆಯ ಕಾಂಡದ ಸಾಕ್ಷ್ಯ. ಶತರುದ್ರೀಯ ಹೋಮದ ಆಹುತಿಯನ್ನು ಅರ್ಕಪತ್ರದಿಂದ ಅರ್ಪಿಸಬೇಕೆಂಬ ವಿಧಿ ಅಲ್ಲಿದೆ. ರುದ್ರನಿಗೂ ಈ ಗಿಡಕ್ಕೂ ಇರುವ ನಂಟು ಪುರಾಣಗಳಿಗಿಂತ ಹಳೆಯದು.

ಆದರೆ ಗಿಡದ ಪಾವಿತ್ರ್ಯ ಬೇರೆ, ಶಬ್ದದ ಹುಟ್ಟು ಬೇರೆ. ಪ್ರಾಕೃತದಲ್ಲಿ ಅರ್ಕವು ‘ಅಕ್ಕ’ವಾಗಿ, ಅದರಿಂದ ಹಿಂದಿಯ ‘ಆಕ್’ ಬಂದಿತು. ಕನ್ನಡದಲ್ಲಿ ಅಕ್ಷರವು ‘ಅಕ್ಕರ’ವಾಯಿತು, ಅಗ್ನಿ ‘ಅಗ್ಗಿ’ಯಾಯಿತು, ಅರ್ಘವು ‘ಅಗ್ಗ’ವಾಯಿತು. ಇವುಗಳಲ್ಲಿ ಯಾವುದರ ಅಕಾರವೂ ಎಕಾರವಾಗಲಿಲ್ಲ. ‘ಎಕ್ಕ’ದಲ್ಲಿ ಮಾತ್ರ ಹಾಗೇಕೆ ಆಗಬೇಕು?

ನೆರೆಯ ನುಡಿಗಳನ್ನು ನೋಡಿದರೆ ದಾರಿ ತಿಳಿಯಾಗುತ್ತದೆ. ತಮಿಳಿನಲ್ಲಿ ಈ ಗಿಡ ‘ಎರುಕ್ಕು’, ಮಲೆಯಾಳದಲ್ಲಿ ‘ಎರಿಕ್ಕು’. ಕನ್ನಡದಲ್ಲಿಯೇ ‘ಎರ್ಕೆ’, ‘ಎಕ್ಕೆ’ ಎಂಬ ರೂಪಗಳುಂಟು. ಕರ್ಪು ‘ಕಪ್ಪು’ ಆದಂತೆ, ಇರ್ದ ‘ಇದ್ದ’ ಆದಂತೆ, ಎರ್ಕೆ ‘ಎಕ್ಕೆ’ಯಾಗುವುದು ನಮ್ಮ ನುಡಿಯ ಸಹಜವಾದ ನಡೆ. (ತೆಲುಗಿನ ‘ಜಿಲ್ಲೇಡು’ ಈ ಬಳಗಕ್ಕೆ ಸೇರದು.) ಸಂಗಮ ಕಾಲದ ‘ಪುಱನಾನೂಱು’ ಸಂಕಲನದ 106ನೆಯ ಪದ್ಯದಲ್ಲಿ ಕವಿ ಕಪಿಲರ್, ದೊರೆ ಪಾರಿಯ ಔದಾರ್ಯವನ್ನು ಹೊಗಳಲು ಈ ಹೂವನ್ನೇ ನಿದರ್ಶನವಾಗಿ ತಂದಿದ್ದಾನೆ: ಇಂತಹ ಅಲ್ಪವಾದ ಹೂವನ್ನೂ ದೈವವು ನಿರಾಕರಿಸದೆಂಬುದು ಅಲ್ಲಿಯ ಭಾವ. ಅಷ್ಟು ಹಿಂದೆಯೇ ತಮಿಳಿನಲ್ಲಿ ಎಕಾರದ ರೂಪ ನೆಲೆಗೊಂಡಿತ್ತು.

‘ಎರುಕ್ಕು’ ಸಹ ಅರ್ಕದ ವಿಕಾರವೇ ಆಗಿರಬಾರದೇಕೆಂದು ಕೆಲವರು ಕೇಳಬಹುದು. ಸೂರ್ಯವಾಚಕವಾದ ಅರ್ಕವನ್ನು ತಮಿಳು ‘ಅರುಕ್ಕನ್’ ಎಂದು ಅಕಾರದೊಡನೆಯೇ ತೆಗೆದುಕೊಂಡಿದೆ. ಒಂದೇ ಶಬ್ದವು ಸೂರ್ಯನಿಗೆ ಒಂದು ರೂಪವನ್ನೂ ಗಿಡಕ್ಕೆ ಇನ್ನೊಂದು ರೂಪವನ್ನೂ ತಾಳಿತೆನ್ನುವುದಕ್ಕಿಂತ, ದ್ರಾವಿಡದ ಎರುಕ್ಕು-ಎರ್ಕೆಗಳು ಸ್ವತಂತ್ರವಾದ ಶಬ್ದಗಳೆಂದೂ, ಧ್ವನಿಸಾಮ್ಯದಿಂದಾಗಿ ಅವುಗಳ ಮೇಲೆ ಸೂರ್ಯನ ಅರ್ಥವು ಬಂದು ಕುಳಿತಿತೆಂದೂ ಎಣಿಸುವುದು ನಮಗೆ ಹೆಚ್ಚು ಯುಕ್ತವಾಗಿ ತೋರುತ್ತದೆ.