ಲಿಟಲ್ ನೀಮೋ ಇನ್ ಸ್ಲಂಬರ್‌ಲ್ಯಾಂಡ್

ಅಮೆರಿಕದ ವಿನ್ಸರ್ ಮೆಕೇ ರಚಿಸಿದ ಚಿತ್ರಕಥಾ ಮಾಲಿಕೆ. ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯ ಭಾನುವಾರದ ಬಣ್ಣದ ಪುರವಣಿಯಲ್ಲಿ 1905ರ ಅಕ್ಟೋಬರ್ 15ರಂದು ಆರಂಭವಾಯಿತು. ನೀಮೋ ಎಂಬ ಹುಡುಗ ವಾರವಾರವೂ ಕನಸಿನ ರಾಜ್ಯಕ್ಕೆ ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಎಚ್ಚರಗೊಳ್ಳುತ್ತಾನೆ, ಎಷ್ಟೋ ಸಲ ಮಂಚದಿಂದ ಉರುಳಿಬಿದ್ದು.

ಕಥೆಗಿಂತ ಪುಟದ ವಿನ್ಯಾಸವೇ ಇದರ ಹಿರಿಮೆ. ಪತ್ರಿಕೆಯ ಇಡೀ ಪುಟ ಮೆಕೇ ಕೈಯಲ್ಲಿತ್ತು. ಚೌಕಗಳನ್ನು ಒಂದೇ ಅಳತೆಗೆ ಕಟ್ಟಿಹಾಕದೆ, ಕನಸು ಕೇಳಿದಂತೆ ಹಿಗ್ಗಿಸಿ ಕುಗ್ಗಿಸಿದರು. 1908ರ ಜುಲೈ 26ರ ಪುಟದಲ್ಲಿ ಮಂಚದ ಕಾಲುಗಳು ಬೆಳೆಯುತ್ತವೆ; ಮಂಚ ಬೀದಿಗಿಳಿದು, ಕಟ್ಟಡಗಳನ್ನು ದಾಟುತ್ತ ನಡೆಯುತ್ತದೆ. ಕಾಲು ಉದ್ದವಾದಂತೆ ಚೌಕಗಳೂ ಎತ್ತರವಾಗುತ್ತವೆ. ಸ್ಪಷ್ಟವಾದ ಹೊರರೇಖೆ, ನಿಖರ ಕಟ್ಟಡಚಿತ್ರಣ, ಒಳಗೆ ಹದವಾದ ತಿಳಿಬಣ್ಣ: ದಿನಪತ್ರಿಕೆಯ ಅಗ್ಗದ ಕಾಗದದ ಮೇಲೆ ಇಂಥ ಮುದ್ರಣ ಅಪರೂಪದ ಸಾಧನೆ. ಮಾತಿನ ಗುಳ್ಳೆಗಳಲ್ಲಿ ಮಾತ್ರ ಅಕ್ಷರಗಳು ಇಕ್ಕಟ್ಟಾಗಿವೆ. ಇಂಪಿ ಎಂಬ ಕಪ್ಪುವರ್ಣದ ಪಾತ್ರದ ಚಿತ್ರಣದಲ್ಲಿ ಆ ಕಾಲದ ಜನಾಂಗೀಯ ತಾತ್ಸಾರವಿದೆ, ಅದನ್ನು ಮರೆಮಾಚಲಾಗದು.

1911ರಲ್ಲಿ ಮೆಕೇ ನೀಮೋನನ್ನು ಅನಿಮೇಷನ್ ಚಿತ್ರವಾಗಿಸಿದರು. ಅದೇ ವರ್ಷ ಮಾಲಿಕೆ ಪತ್ರಿಕೋದ್ಯಮಿ ಹರ್ಸ್ಟ್ ಒಡೆತನದ ಪತ್ರಿಕೆಗಳಿಗೆ ಬೇರೆ ಹೆಸರಿನಲ್ಲಿ ಹೋಯಿತು. ಕಿರಿದುಮಾಡಿದ ಮರುಮುದ್ರಣದಲ್ಲಿ ಇದರ ಸೊಗಸು ಅರ್ಧಕ್ಕರ್ಧ ಕಳೆಯುತ್ತದೆ. ಮೂಲ ಅಳತೆಯ ಸಂಪುಟದಲ್ಲೇ ನೋಡಬೇಕು.